ಸಂದರ್ಶನದ ನಂತರ: ಪತ್ರ, ಮೌನ ಮತ್ತು ಪ್ರಾಮಾಣಿಕತೆ

(ಮುರಗೋಡದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಹಾಗೂ ಅವರ ಹೆತ್ತವರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವೈದ್ಯಕೀಯ ಶಿಕ್ಷಣದ ಕುರಿತು ಮಾತನಾಡಲು ವೈದ್ಯರಲ್ಲದ ನಮ್ಮನ್ನು ಕರೆದಿರುವುದು ತುಸು ಅಚ್ಚರಿಯ ಸಂಗತಿಯೇ. ಔಷಧದ ವಿಷಯದಲ್ಲಿ ನಮ್ಮ ಜ್ಞಾನ ಜ್ವರದ ಮಾತ್ರೆಯನ್ನು ದಾಟಿ ಹೋಗಿಲ್ಲ. ಆದರೆ ಪತ್ರ ಬರೆಯುವುದು ನಮ್ಮ ಕಸುಬು. ಆ ಕಸುಬಿನ ಹೆಮ್ಮೆಯಲ್ಲಿ ನಮ್ಮ ಮನೆಯ ಹೆಣ್ಣುಮಗಳೊಬ್ಬಳಿಗೆ ನಾವು ಮಾಡಹೊರಟಿದ್ದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡು, ಅದರಿಂದ ಕಲಿತದ್ದನ್ನು ಹೇಳಿಹೋಗಲು ಬಂದಿದ್ದೇವೆ.

ಹತ್ತಿಪ್ಪತ್ತು ವರ್ಷಗಳ ಹಿಂದೆ ಈ ಭಾಗದ ನಮ್ಮ ಮನೆಗಳಲ್ಲಿ ಎಂ.ಬಿ.ಬಿ.ಎಸ್. ಎಂಬುದೇ ದೂರದ ಮಾತಾಗಿತ್ತು. ಇಂದು ಬೆಳಗಾವಿ, ಹುಬ್ಬಳ್ಳಿಗಳ ವೈದ್ಯಕೀಯ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳಿದ್ದಾರೆ. ಹೆಣ್ಣುಮಕ್ಕಳೂ ಇದ್ದಾರೆ. ಆದುದರಿಂದ ಪ್ರಶ್ನೆ ಈಗ ಒಂದು ಮೆಟ್ಟಿಲು ಮೇಲೇರಿದೆ. ಎಂ.ಬಿ.ಬಿ.ಎಸ್. ಆಯಿತು, ಮುಂದೇನು? ಕೆಲವರು ನೀಟ್ ಪಿ.ಜಿ. ಬರೆದು ಇಲ್ಲೇ ಎಂ.ಡಿ., ಎಂ.ಎಸ್. ಮಾಡುತ್ತಾರೆ. ಕೆಲವರು ಯುಎಸ್‌ಎಂಎಲ್‌ಇ ಪರೀಕ್ಷೆಗಳನ್ನು ಬರೆದು, ಇಸಿಎಫ್‌ಎಂಜಿಯ ಪ್ರಮಾಣಪತ್ರ ಪಡೆದು, ಅಮೆರಿಕದ ಆಸ್ಪತ್ರೆಗಳಲ್ಲಿ ರೆಸಿಡೆನ್ಸಿ ಎಂಬ ತಜ್ಞ ತರಬೇತಿಗೆ ಅರ್ಜಿ ಹಾಕುತ್ತಾರೆ. ಈ ಎರಡನೆಯ ದಾರಿಯಲ್ಲಿ ಅಂಕ ಮಾತ್ರ ಸಾಲದು, ಸಂದರ್ಶನವಿದೆ. ಸಂದರ್ಶನ ಮುಗಿದ ಮೇಲೆ ಫಲಿತಾಂಶದವರೆಗೆ ಎರಡು ಮೂರು ತಿಂಗಳ ಮೌನವಿದೆ. ನಮ್ಮ ಇಂದಿನ ಮಾತು ಆ ಮೌನದ ಕುರಿತು.

ನಮ್ಮ ಅಕ್ಕನ ಮಗಳು 2023ರಲ್ಲಿ ಅರ್ಜಿ ಹಾಕಿದಳು. ಸೆಪ್ಟೆಂಬರಿನಲ್ಲಿ ಅರ್ಜಿ, ಅಕ್ಟೋಬರಿನಿಂದ ಜನವರಿಯವರೆಗೆ ಸಂದರ್ಶನಗಳು. 2020ರ ಕೊರೋನಾ ಕಾಲದಿಂದ ಈ ಸಂದರ್ಶನಗಳು ಬಹುತೇಕ ಗಣಕಯಂತ್ರದ ಪರದೆಯ ಮೇಲೆಯೇ ನಡೆಯುತ್ತಿವೆ. ಅಲ್ಲಿಯ ಬೆಳಗು ನಮ್ಮ ಸಂಜೆ. ಊರಿನಲ್ಲಿ ಕರೆಂಟನ್ನು ನಂಬುವಂತಿಲ್ಲವೆಂದು ಅವಳು ಬೆಳಗಾವಿಯ ಸಂಬಂಧಿಕರ ಮನೆಯಲ್ಲಿ ಕುಳಿತು ಏಳು ಸಂದರ್ಶನ ಮುಗಿಸಿದಳು. ಏಳಕ್ಕೆ ಏಳೂ ಚೆನ್ನಾಗಿ ಆದವೆಂದು ಮನೆಯವರೆಲ್ಲ ಸಂತೋಷಪಟ್ಟರು.

ಆಮೇಲೆ ಏನೂ ಇಲ್ಲ. ದಿನ ಹೋಯಿತು, ವಾರ ಹೋಯಿತು, ಒಂದು ಆಸ್ಪತ್ರೆಯಿಂದಲೂ ಸುದ್ದಿಯಿಲ್ಲ. ನಮ್ಮ ಊರುಗಳ ಅನುಭವವೇನು? ಕಚೇರಿಯಲ್ಲಿ ಕಾಗದ ಕೊಟ್ಟ ಮೇಲೆ ನಾಲ್ಕು ಸಲ ಹೋಗಿ ನಿಲ್ಲದಿದ್ದರೆ ಕಡತ ಮೇಜಿನಿಂದ ಮೇಜಿಗೆ ಸರಿಯುವುದಿಲ್ಲ. 'ಬೆನ್ನು ಹತ್ತದಿದ್ದರೆ ಕೆಲಸವಾಗದು' ಎಂಬುದು ನಮ್ಮ ಮೂಳೆಗೆ ಹತ್ತಿದ ಪಾಠ. ಹೀಗಾಗಿ ಮನೆಯಲ್ಲಿ ಸಲಹೆಗಳ ಮಳೆ ಸುರಿಯಿತು. ಒಬ್ಬರು ಫೋನ್ ಮಾಡೆಂದರು. ಇನ್ನೊಬ್ಬರು ಅಮೆರಿಕದಲ್ಲಿರುವ ದೂರದ ನೆಂಟರಿಂದ ಶಿಫಾರಸು ಮಾಡಿಸೋಣವೆಂದರು. ಪಟ್ಟಣದ ಒಂದು ಸಲಹಾ ಕೇಂದ್ರದವರು ಹಣ ಕೊಟ್ಟರೆ 'ಪರಿಣಾಮಕಾರಿ ಪತ್ರ'ಗಳನ್ನು ತಾವೇ ಬರೆದು ಕಳಿಸುವುದಾಗಿ ಹೇಳಿದರು. ಹಣವೇಕೆ, ಪತ್ರ ಬರೆಯಲು ನಾವಿಲ್ಲವೇ ಎಂದು ನಾವು ಮುಂದಾದೆವು.

ಒಂದು ರಾತ್ರಿ ಕುಳಿತು ಏಳು ಪತ್ರ ಬರೆದೆವು. ಭಾಷೆ ಗಂಭೀರ, ವಿನಯ ಧಾರಾಳ. ಏಳರಲ್ಲಿಯೂ ಕೊನೆಯ ವಾಕ್ಯ ಒಂದೇ: 'ತಮ್ಮ ಆಸ್ಪತ್ರೆಯೇ ನನ್ನ ಮೊದಲ ಆಯ್ಕೆ.' ಮರುದಿನ ಅವಳ ಕೈಗೆ ಕೊಟ್ಟೆವು. ಅವಳು ಏಳನ್ನೂ ಓದಿ, ಮಡಚಿ, ನಮ್ಮ ಮುಂದಿಟ್ಟು ಕೇಳಿದಳು: "ಮಾಮಾ, ಏಳು ಪತ್ರದಾಗ ಒಂದು ಖರೇ ಐತಿ, ಆರು ಸುಳ್ಳ ಅದಾವ. ಯಾವುದಕ್ಕ ಸಹಿ ಹಾಕಲಿ?"

ನಮ್ಮಲ್ಲಿ ಉತ್ತರವಿರಲಿಲ್ಲ. ಸತ್ಯದ ಕುರಿತು ವಾರವಾರವೂ ಬರೆಯುವ ನಾವು, ಒಂದು ಸೀಟಿನ ಆಸೆಗೆ ಆರು ಸುಳ್ಳನ್ನು ಶಿಷ್ಟಾಚಾರವೆಂದು ಕರೆದು ಸಾಗಹಾಕಲು ಸಿದ್ಧರಾಗಿದ್ದೆವು. ಅಷ್ಟೇ ಅಲ್ಲ, ಅವಸರದಲ್ಲಿ ಒಂದು ಆಸ್ಪತ್ರೆಗೆ ಬರೆದ ಪತ್ರದಲ್ಲಿ ಇನ್ನೊಂದರ ಹೆಸರನ್ನೇ ಉಳಿಸಿದ್ದೆವು! ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನಮ್ಮ ಸುಳ್ಳಿಗೆ ಕಣ್ಣೂ ಇರಲಿಲ್ಲ.

ಆ ಹುಡುಗಿಯ ಪ್ರಶ್ನೆಯ ನಂತರವೇ ನಾವು ಆ ವ್ಯವಸ್ಥೆಯ ನಿಯಮಗಳನ್ನು ಓದಿದ್ದು. ಬರೆಯುವ ಮೊದಲು ಓದಬೇಕಿತ್ತು.

ಅಮೆರಿಕದಲ್ಲಿ ರೆಸಿಡೆನ್ಸಿ ಸೀಟುಗಳನ್ನು ಹಂಚುವ ಸಂಸ್ಥೆಯ ಹೆಸರು ನ್ಯಾಷನಲ್ ರೆಸಿಡೆಂಟ್ ಮ್ಯಾಚಿಂಗ್ ಪ್ರೋಗ್ರಾಂ, ಅಂದರೆ ಎನ್‌ಆರ್‌ಎಂಪಿ. ಅದು ಆರಂಭವಾದದ್ದು 1952ರಲ್ಲಿ. ಅದಕ್ಕೆ ಮೊದಲು ಏನಾಗುತ್ತಿತ್ತು? ಹತ್ತಿಯ ಕಾಯಿ ಬಿರಿಯುವ ಮೊದಲೇ ಮುಂಗಡ ಕೊಟ್ಟು ಬೆಳೆ ಹಿಡಿಯುವ ವ್ಯಾಪಾರಿಗಳಂತೆ, 1940ರ ದಶಕದಲ್ಲಿ ಅಲ್ಲಿಯ ಆಸ್ಪತ್ರೆಗಳು ವಿದ್ಯಾರ್ಥಿಯ ಓದು ಮುಗಿಯಲು ಎರಡು ವರ್ಷವಿರುವಾಗಲೇ ಅವನನ್ನು ಗೊತ್ತುಮಾಡಿಕೊಳ್ಳುತ್ತಿದ್ದವು. ಆ ಪೈಪೋಟಿಯನ್ನು ತಡೆದ ಮೇಲೆ ಇನ್ನೊಂದು ತೊಂದರೆ ತಲೆಯೆತ್ತಿತು. ಆಸ್ಪತ್ರೆಗಳು ಕೆಲಸ ಕೊಟ್ಟು, ಕೆಲವೇ ಗಂಟೆಗಳಲ್ಲಿ ಒಪ್ಪು ಇಲ್ಲವೇ ಬಿಡು ಎನ್ನತೊಡಗಿದವು. ಇನ್ನೂ ಒಳ್ಳೆಯದೊಂದು ಬಂದೀತೆಂದು ಕಾದವನು ಕೈಯಲ್ಲಿದ್ದುದನ್ನೂ ಕಳೆದುಕೊಳ್ಳುತ್ತಿದ್ದ. ಈ ಅನ್ಯಾಯಕ್ಕೆ ಪರಿಹಾರವಾಗಿ ಬಂದದ್ದು 'ಮ್ಯಾಚ್.'

ಅದರ ಕ್ರಮ ಸರಳ. ಸಂದರ್ಶನಗಳ ನಂತರ ಅಭ್ಯರ್ಥಿ ತಾನು ಬಯಸುವ ಆಸ್ಪತ್ರೆಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಬರೆದು ಒಪ್ಪಿಸುತ್ತಾನೆ. ಆಸ್ಪತ್ರೆಯೂ ತಾನು ಬಯಸುವ ಅಭ್ಯರ್ಥಿಗಳನ್ನು ಹಾಗೆಯೇ ಬರೆದು ಒಪ್ಪಿಸುತ್ತದೆ. ಯಾರ ಪಟ್ಟಿಯನ್ನೂ ಯಾರೂ ನೋಡುವಂತಿಲ್ಲ. ಗಣಕಯಂತ್ರವು ಮೊದಲು ಅಭ್ಯರ್ಥಿಯ ಮೊದಲನೆಯ ಆಯ್ಕೆಯನ್ನು ಪರಿಶೀಲಿಸುತ್ತದೆ. ಆ ಆಸ್ಪತ್ರೆಯ ಪಟ್ಟಿಯಲ್ಲಿ ಅವನ ಹೆಸರಿದ್ದು ಜಾಗವೂ ಇದ್ದರೆ ಅವನನ್ನು ತಾತ್ಕಾಲಿಕವಾಗಿ ಅಲ್ಲಿ ಇರಿಸುತ್ತದೆ. ಆ ಆಸ್ಪತ್ರೆ ಅವನಿಗಿಂತ ಹೆಚ್ಚು ಬಯಸಿದವನು ಬಂದು ಜಾಗ ತುಂಬಿದರೆ ಇವನನ್ನು ಬಿಡಿಸಿ ಇವನ ಎರಡನೆಯ ಆಯ್ಕೆಗೆ ಒಯ್ಯುತ್ತದೆ. ಎಲ್ಲರ ಪಟ್ಟಿ ಮುಗಿಯುವವರೆಗೆ ಹೀಗೇ ನಡೆಯುತ್ತದೆ. ಈ ಬಗೆಯ ಹೊಂದಾಣಿಕೆಯ ಗಣಿತವನ್ನು ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ 1962ರಲ್ಲಿ ಬರೆದರು. ಮ್ಯಾಚ್‌ನ ಲೆಕ್ಕವನ್ನು ಅಭ್ಯರ್ಥಿಗಳ ಕಡೆಗೆ ತಿರುಗಿಸಿ ಆಲ್ವಿನ್ ರೋತ್ ಮತ್ತು ಎಲಿಯಟ್ ಪೆರಾನ್ಸನ್ ಹೊಸದಾಗಿ ರೂಪಿಸಿದರು. ಅದು 1998ರಿಂದ ಬಳಕೆಯಲ್ಲಿದೆ. ಶೇಪ್ಲಿ ಮತ್ತು ರೋತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು.

ಇದರಿಂದ ನಮಗೇನು ತಿಳಿಯುತ್ತದೆ? ಈ ವ್ಯವಸ್ಥೆಯಲ್ಲಿ ಜಾಣತನ ತೋರಿಸಿದವನಿಗೆ ಲಾಭವಿಲ್ಲ, ನಿಜ ಬರೆದವನಿಗೆ ನಷ್ಟವಿಲ್ಲ. ದೊಡ್ಡ ಆಸ್ಪತ್ರೆ ಸಿಗಲಿಕ್ಕಿಲ್ಲವೆಂದು ಹೆದರಿ ಚಿಕ್ಕದನ್ನು ಮೇಲೆ ಬರೆಯಬೇಕಾಗಿಲ್ಲ. ಮೇಲಿನದು ಸಿಗದಿದ್ದರೆ ಕೆಳಗಿನದರಲ್ಲಿ ನಿಮ್ಮ ಅವಕಾಶ ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. 'ಅವರು ನಮ್ಮನ್ನು ಇಷ್ಟಪಟ್ಟರು' ಎಂಬ ಊಹೆಯ ಮೇಲೆ ಪಟ್ಟಿಯನ್ನು ಬದಲಿಸಿದವರು ಮಾತ್ರ ನಷ್ಟ ಅನುಭವಿಸುತ್ತಾರೆ.

ಹಾಗಾದರೆ ಸಂದರ್ಶನದ ನಂತರ ಪತ್ರವನ್ನೇ ಬರೆಯಬಾರದೇ? ಬರೆಯಬಹುದು. ಆದರೆ ಪ್ರತಿಯೊಂದು ಪತ್ರಕ್ಕೂ ಒಂದು ಕಾರಣವಿರಬೇಕು.

ಮೊದಲನೆಯದು ಕೃತಜ್ಞತಾ ಪತ್ರ. ಸಂದರ್ಶನವಾದ ಒಂದೆರಡು ದಿನಗಳಲ್ಲಿ, ನಾಲ್ಕೈದು ವಾಕ್ಯಗಳಲ್ಲಿ. ಸಂದರ್ಶಕರ ಹೆಸರನ್ನು ಸರಿಯಾಗಿ ಬರೆಯಬೇಕು. ಅಂದು ನಡೆದ ಮಾತುಕತೆಯ ಒಂದು ನಿಜವಾದ ಅಂಶವನ್ನು ನೆನೆಯಬೇಕು. ನಮ್ಮ ಹುಡುಗಿಯನ್ನು ಒಬ್ಬ ಹಿರಿಯ ವೈದ್ಯೆ, ಹಳ್ಳಿಯ ಸಕ್ಕರೆ ಕಾಯಿಲೆಯ ರೋಗಿಗಳು ಇನ್ಸುಲಿನ್ ಅನ್ನು ತಂಪಾಗಿ ಹೇಗೆ ಇಟ್ಟುಕೊಳ್ಳುತ್ತಾರೆ ಎಂದು ಕೇಳಿದ್ದರಂತೆ. ಮಣ್ಣಿನ ಗಡಿಗೆಯ ವಿಷಯವನ್ನು ಇವಳು ಹೇಳಿದ್ದಳು. ಅವಳ ಪತ್ರದಲ್ಲಿ ಆ ಗಡಿಗೆಯ ಮಾತೊಂದು ಬಂತು, ಧನ್ಯವಾದ ಬಂತು, ಮುಗಿಯಿತು. ನಾವು ಬರೆದ ಎರಡು ಪುಟಕ್ಕಿಂತ ಅದು ಎಷ್ಟೋ ಮೇಲಾಗಿತ್ತು. ಕೆಲವು ಆಸ್ಪತ್ರೆಗಳು 'ದಯವಿಟ್ಟು ಕೃತಜ್ಞತಾ ಪತ್ರ ಕಳಿಸಬೇಡಿ' ಎಂದು ಮೊದಲೇ ತಿಳಿಸಿರುತ್ತವೆ. ಅಲ್ಲಿ ಕಳಿಸದಿರುವುದೇ ಸೌಜನ್ಯ.

ಎರಡನೆಯದು ಹೊಸ ಸಂಗತಿಯ ಪತ್ರ. ಅರ್ಜಿ ಹಾಕಿದ ನಂತರ ಪರೀಕ್ಷೆಯೊಂದು ಪಾಸಾಯಿತು, ಇಸಿಎಫ್‌ಎಂಜಿ ಪ್ರಮಾಣಪತ್ರ ಕೈಗೆ ಬಂತು, ಸಂಶೋಧನಾ ಲೇಖನ ಪ್ರಕಟವಾಯಿತು, ಇಂಥದ್ದಿದ್ದರೆ ಒಮ್ಮೆ ತಿಳಿಸಬಹುದು. ಹೊಸದೇನೂ ಇಲ್ಲದೆ 'ನಾನಿನ್ನೂ ಆಸಕ್ತಳಾಗಿದ್ದೇನೆ' ಎಂದು ವಾರಕ್ಕೊಮ್ಮೆ ಬರೆಯುವುದು ಆಸಕ್ತಿಯಲ್ಲ, ಕಾಟ.

ಮೂರನೆಯದು ಅತ್ಯಂತ ನಾಜೂಕಾದುದು: 'ನೀವೇ ನನ್ನ ಮೊದಲ ಆಯ್ಕೆ' ಎಂಬ ಪತ್ರ. ನಿಯಮ ಇದನ್ನು ತಡೆಯುವುದಿಲ್ಲ. ಅಭ್ಯರ್ಥಿಯಾಗಲಿ ಆಸ್ಪತ್ರೆಯಾಗಲಿ ತಾವಾಗಿಯೇ ಒಲವನ್ನು ತಿಳಿಸಬಹುದು. ಆದರೆ 'ನಮ್ಮನ್ನು ಎಷ್ಟನೆಯವರಾಗಿ ಬರೆದಿದ್ದೀರಿ' ಎಂದು ಪರಸ್ಪರ ಕೇಳುವಂತಿಲ್ಲ. ಬೇರೆಲ್ಲಿ ಸಂದರ್ಶನವಾಯಿತೆಂದು ಆಸ್ಪತ್ರೆಯವರು ಕೆದಕುವಂತಿಲ್ಲ. ಅಭ್ಯರ್ಥಿಯ ಆಯ್ಕೆಯನ್ನು ತಿರುಗಿಸಲು ಕಪಟದ ಭರವಸೆ ನೀಡುವಂತಿಲ್ಲ. ಕೊಟ್ಟ ಯಾವ ಮಾತೂ, ಬಾಯಿಂದಾಗಲಿ ಬರಹದಲ್ಲಾಗಲಿ, ಯಾರನ್ನೂ ಕಟ್ಟಿಹಾಕುವುದಿಲ್ಲ. ಕೊನೆಗೆ ನಿಲ್ಲುವುದು ಒಪ್ಪಿಸಿದ ಪಟ್ಟಿ ಮಾತ್ರ. ಆದ್ದರಿಂದ ಈ ಪತ್ರವನ್ನು ಬರೆಯುವುದಾದರೆ ಒಂದೇ ಆಸ್ಪತ್ರೆಗೆ ಬರೆಯಬೇಕು, ಅದು ನಿಜವಾಗಿರಬೇಕು. ಕಾನೂನು ಕಟ್ಟಿಹಾಕದ ಮಾತಿಗೂ ಮನಸ್ಸಾಕ್ಷಿಯ ಕಟ್ಟು ಇದೆಯಲ್ಲವೇ? ನಾಳೆ ಇದೇ ಹುಡುಗಿ ರೋಗಿಯ ಮಂಚದ ಬಳಿ ನಿಂತು 'ಇದು ಗುಣವಾಗುತ್ತದೆ' ಎನ್ನುತ್ತಾಳೆ. ಅಂದು ಅವಳ ಮಾತಿಗೆ ಬೆಲೆ ಇರಬೇಕಾದರೆ ಇಂದು ಇಲ್ಲಿ ಇರಬೇಕು.

ಆಸ್ಪತ್ರೆಗಳ ಕಡೆಯಿಂದಲೂ ಸಿಹಿ ಪತ್ರಗಳು ಬರುವುದುಂಟು. 'ನಿಮ್ಮಂಥವರು ನಮಗೆ ಬೇಕು' ಎಂದ ಮಾತ್ರಕ್ಕೆ ಸೀಟು ಸಿಕ್ಕಿತೆಂದು ಊರಿಗೆ ಮಿಠಾಯಿ ಹಂಚಬೇಡಿ. ಮೌನವಾಗಿರುವ ಆಸ್ಪತ್ರೆ ತಿರಸ್ಕರಿಸಿದೆಯೆಂದೂ ತಿಳಿಯಬೇಡಿ. ಒಬ್ಬರಿಗೂ ಪತ್ರ ಬರೆಯುವುದಿಲ್ಲವೆಂಬುದೇ ಅನೇಕ ಕಡೆ ನಿಯಮವಾಗಿರುತ್ತದೆ.

ಇನ್ನು ಹೆತ್ತವರಿಗೆ ಒಂದು ಮಾತು. ತಂದೆ ಫೋನ್ ಮಾಡುವುದು, ಮಾವ ಪತ್ರ ಬರೆಯುವುದು, ನೆಂಟರು ಹೋಗಿ ಬಾಗಿಲು ತಟ್ಟುವುದು ಮಕ್ಕಳಿಗೆ ಕೆಡುಕನ್ನೇ ಮಾಡುತ್ತವೆ. ತನ್ನ ಕಾಲ ಮೇಲೆ ನಿಲ್ಲದವರ ಕೈಗೆ ರೋಗಿಯನ್ನು ಕೊಡುವುದು ಹೇಗೆ ಎಂದು ಅವರು ಯೋಚಿಸುತ್ತಾರೆ. ಸೀಟು ಕೊಡಿಸುತ್ತೇವೆಂದು ಹಣ ಕೇಳುವವರ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಎರಡು ರಹಸ್ಯ ಪಟ್ಟಿಗಳನ್ನು ಯಂತ್ರ ಹೊಂದಿಸುವಲ್ಲಿ ದಲ್ಲಾಳಿಗೆ ಕೈಹಾಕಲು ಜಾಗವೆಲ್ಲಿದೆ?

ಈಗ ನಮ್ಮ ಹುಡುಗಿಯ ಕತೆಯನ್ನು ಮುಗಿಸುತ್ತೇವೆ. ಅವಳು ತನಗೆ ನಿಜವಾಗಿ ಮೊದಲನೆಯದಾಗಿದ್ದ ಆಸ್ಪತ್ರೆಗೆ ಒಂದೇ ಪತ್ರ ಬರೆದಳು. ಪಟ್ಟಿಯನ್ನು ಮನಸ್ಸಿನಂತೆಯೇ ಒಪ್ಪಿಸಿದಳು. ಮ್ಯಾಚ್‌ನ ಫಲಿತಾಂಶ ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ ಹೊರಬೀಳುತ್ತದೆ. ಆದರೆ ಸೀಟು ಸಿಕ್ಕಿತೇ ಇಲ್ಲವೇ ಎಂಬ ಒಂದು ವಾಕ್ಯ ಆ ವಾರದ ಸೋಮವಾರವೇ ತಿಳಿಯುತ್ತದೆ. ಆ ವರ್ಷ ಆ ಸೋಮವಾರ 2024ರ ಮಾರ್ಚ್ 11. ಮನೆಯ ಮಾಳಿಗೆಯ ಮೇಲೆ ಎಲ್ಲರೂ ರಮಝಾನಿನ ಚಂದ್ರನನ್ನು ನೋಡಿ ಇಳಿದಿದ್ದರು. ಚಂದ್ರ ಕಂಡಿತ್ತು. ಸ್ವಲ್ಪ ಹೊತ್ತಿಗೆ ಬಂದ ಸಂದೇಶದಲ್ಲಿ ಸೀಟು ಇರಲಿಲ್ಲ.

ಸತ್ಯ ಬರೆದರೂ ಸಿಗಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಅಕ್ಕನೂ ಅದನ್ನೇ ಕೇಳಿದಳು. ಸತ್ಯವನ್ನು ಸೀಟಿನ ಬೆಲೆಯಾಗಿ ಕೊಡುವುದಲ್ಲ ಎಂದಷ್ಟೇ ನಾವು ಹೇಳಬಲ್ಲೆವು. ಅಂಕಿಗಳನ್ನೂ ನೋಡಬೇಕು. ಆ ವರ್ಷದ ಮ್ಯಾಚ್‌ನಲ್ಲಿ ಇದ್ದ ಸೀಟುಗಳು 41,503, ನೋಂದಾಯಿಸಿದವರು 50,413. ಅಮೆರಿಕದ ಪೌರರಲ್ಲದ, ಹೊರದೇಶದಲ್ಲಿ ಓದಿದ ವೈದ್ಯರಲ್ಲಿ ಸೀಟು ದೊರೆತದ್ದು ಶೇ. 58.5 ಮಂದಿಗೆ. ಅಂದರೆ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಆ ಸೋಮವಾರ ಬರಿಗೈಯಲ್ಲಿ ಕುಳಿತಿದ್ದರು. ಅವರೆಲ್ಲ ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಅರ್ಜಿ ಹಾಕುವ ದಿನವೇ ಮನೆಯವರೆಲ್ಲ ಈ ಅಂಕಿಯನ್ನು ಕೇಳಿಸಿಕೊಂಡಿರಬೇಕು.

ಸೀಟು ಸಿಗದವರಿಗೆ ಅದೇ ವಾರದಲ್ಲಿ ಉಳಿದ ಸೀಟುಗಳಿಗಾಗಿ ಇನ್ನೊಂದು ಅವಕಾಶವಿದೆ. 2012ರಲ್ಲಿ ಆರಂಭವಾದ ಆ ಕ್ರಮಕ್ಕೆ ಸೋಪ್ ಎಂದು ಹೆಸರು. ಅಲ್ಲಿಯೂ ಆಸ್ಪತ್ರೆಯವರು ತಾವಾಗಿ ಸಂಪರ್ಕಿಸುವವರೆಗೆ ಅಭ್ಯರ್ಥಿ ಅವರನ್ನು ಸಂಪರ್ಕಿಸುವಂತಿಲ್ಲ. ಮನೆಯಲ್ಲಿ ಎಲ್ಲರೂ 'ಒಂದು ಫೋನ್ ಮಾಡಿಬಿಡು' ಎಂದರು. ಅವಳು ಮಾಡಲಿಲ್ಲ. ಆ ನಾಲ್ಕು ದಿನ ಅವಳು ಉಪವಾಸವಿದ್ದು ಫೋನಿನ ಪಕ್ಕದಲ್ಲಿ ಕುಳಿತದ್ದನ್ನು ನಾವು ಕಂಡಿದ್ದೇವೆ. ಫೋನ್ ಬರಲಿಲ್ಲ.

ನಂತರ ಅವಳು ನೀಟ್ ಪಿ.ಜಿ.ಗೆ ಕುಳಿತಳು. ಅಲ್ಲಿ ಸಂದರ್ಶನವಿಲ್ಲ, ಕಾಯುವಿಕೆಯಿಂದ ಮಾತ್ರ ಬಿಡುಗಡೆಯಿಲ್ಲ. 2024ರ ಜೂನ್ 23ಕ್ಕೆ ನಿಗದಿಯಾಗಿದ್ದ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿದರು. ಆಗಸ್ಟ್ 11ರಂದು ನಡೆಸಿದರು. ದೂರದ ಊರುಗಳ ಕೇಂದ್ರಗಳಿಗೆ ಸಾಲದ ಹಣದಲ್ಲಿ ಪ್ರಯಾಣ ಮಾಡಿದ್ದ ಸಾವಿರಾರು ಯುವ ವೈದ್ಯರಿಗೆ ಅಂದು ರಾತ್ರಿ ಉತ್ತರ ಹೇಳುವವರು ಯಾರಿದ್ದರು? ಅಭ್ಯರ್ಥಿ ಒಂದು ನಿಮಿಷ ತಡವಾದರೆ ಬಾಗಿಲು ಮುಚ್ಚುವ ವ್ಯವಸ್ಥೆ, ತಾನು ಏಳು ವಾರ ತಡವಾದಾಗ ಒಂದು ಪ್ರಕಟಣೆಯಲ್ಲಿ ಕೈತೊಳೆದುಕೊಳ್ಳುತ್ತದೆ. ಪ್ರಾಮಾಣಿಕತೆಯನ್ನು ಮಕ್ಕಳಿಂದ ಮಾತ್ರ ಕೇಳುವ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲ.

ಅವಳು ಈಗ ನಮ್ಮ ರಾಜ್ಯದಲ್ಲಿಯೇ ಎಂ.ಡಿ. ಓದುತ್ತಿದ್ದಾಳೆ. ನಮ್ಮಲ್ಲಿಯ ಸೀಟು ಹಂಚಿಕೆಯಲ್ಲಿಯೂ, ಅಖಿಲ ಭಾರತ ಕೋಟಾದಲ್ಲಾಗಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಾಗಲಿ, ಆಯ್ಕೆಗಳ ಪಟ್ಟಿ ಬರೆಯುವುದಿದೆ. ಅಲ್ಲಿಯೂ ಮನಸ್ಸಿನ ಕ್ರಮದಲ್ಲೇ ಬರೆಯಿರಿ. ದಾಖಲೆ ಪರಿಶೀಲನೆಯ ದಿನ, ಶುಲ್ಕದ ದಿನ, ವರದಿ ಮಾಡಿಕೊಳ್ಳುವ ದಿನ, ಈ ಮೂರನ್ನು ಗೋಡೆಯ ಮೇಲೆ ಬರೆದಿಡಿ. ಬೆನ್ನು ಹತ್ತಬೇಕಾದದ್ದು ಈ ದಿನಾಂಕಗಳನ್ನು, ಅಧಿಕಾರಿಗಳನ್ನಲ್ಲ.

ಅಮೆರಿಕದ ದಾರಿ ಹಿಡಿಯುವವರು ಇನ್ನೆರಡು ಸಂಗತಿ ತಿಳಿದಿರಲಿ. ಮ್ಯಾಚ್‌ನಲ್ಲಿ ಸೀಟು ಸಿಕ್ಕಿತೆಂದರೆ ಅದು ಕರಾರು, ಬೇಡವೆಂದು ಸುಮ್ಮನೆ ಬಿಡುವಂತಿಲ್ಲ. ಆದುದರಿಂದ ಹೋಗಲು ಮನಸ್ಸಿಲ್ಲದ ಊರನ್ನು ಪಟ್ಟಿಯಲ್ಲಿ ಬರೆಯಲೇಬೇಡಿ. ಎರಡನೆಯದು ವೀಸಾ. ಜೆ-1 ವೀಸಾದಲ್ಲಿ ಹೋಗುವವರು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದಿಂದ ಪತ್ರ ಪಡೆಯಬೇಕು. ತರಬೇತಿಯ ನಂತರ ಎರಡು ವರ್ಷ ಸ್ವದೇಶದಲ್ಲಿ ಇರಬೇಕೆಂಬುದು ಅದರ ಷರತ್ತು. 2025ರ ಮೇ ಕೊನೆಯಲ್ಲಿ ಅಮೆರಿಕ ಇಂಥ ವೀಸಾಗಳ ಹೊಸ ಸಂದರ್ಶನಗಳ ನಿಗದಿಯನ್ನೇ ಕೆಲವು ವಾರ ನಿಲ್ಲಿಸಿತ್ತು. ಅದೇ ಸೆಪ್ಟೆಂಬರಿನಲ್ಲಿ ಹೊಸ ಹೆಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕದ ಘೋಷಣೆ ಹೊರಬಿತ್ತು. ಮನೆ ಒತ್ತೆಯಿಟ್ಟು ಹೊರಡುವ ಮೊದಲು ಇದನ್ನೆಲ್ಲ ತೂಗಿ ನೋಡಬೇಡವೇ?

ಕೊನೆಯದಾಗಿ ಒಂದು ವಿನಂತಿ. ಆ ಮೂರು ತಿಂಗಳು ನಮ್ಮ ಹುಡುಗಿಯನ್ನು ಹೆಚ್ಚು ದಣಿಸಿದ್ದು ಅಮೆರಿಕದ ಮೌನವಲ್ಲ, ನಮ್ಮ ಬಾಯಿ. ಬಾಗಿಲಿಗೆ ಬಂದವರೆಲ್ಲ 'ಏನಾತವ್ವಾ?' ಎಂದರು. ಮದುವೆಗೆ ಹೋದರೆ 'ಏನಾತು?' ಇನ್ನು ಕೆಲವರು 'ಹೆಣ್ಣಿಗೆ ಇಷ್ಟು ಓದು ಸಾಕಲ್ಲ' ಎಂದು ಅಕ್ಕನ ಕಿವಿಯಲ್ಲಿ ಊದಿದರು. ಗಂಡುಮಗ ಸೋತರೆ ಇನ್ನೊಂದು ವರ್ಷ ಕಾಯುವ ನಾವು, ಹೆಣ್ಣುಮಗಳು ಸೋತ ದಿನವೇ ಸಂಬಂಧ ಹುಡುಕಲು ಹೊರಡುತ್ತೇವೆ. ಅವಳಿಗೂ ಇನ್ನೊಂದು ವರ್ಷ ಕೊಡಲು ನಮ್ಮ ಭಾವ ಒಪ್ಪಿದ್ದರಿಂದಲೇ ಅವಳು ಇಂದು ಎಂ.ಡಿ. ಓದುತ್ತಿದ್ದಾಳೆ. ಒಪ್ಪದೆ ಇದ್ದಿದ್ದರೆ? ಹಾಗೆ ನಿಂತುಹೋದ ಹೆಣ್ಣುಮಕ್ಕಳು ಈ ಸುತ್ತಿನ ಊರುಗಳಲ್ಲಿ ಎಷ್ಟು ಮಂದಿ ಇದ್ದಾರೆಂಬುದು ಇಲ್ಲಿ ಕುಳಿತಿರುವ ತಾಯಂದಿರಿಗೆ ನಮಗಿಂತ ಚೆನ್ನಾಗಿ ಗೊತ್ತು.

ನಿಮ್ಮ ಮನೆಯಲ್ಲಿ ಈ ವರ್ಷ ಯಾರಾದರೂ ಕಾಯುತ್ತಿದ್ದರೆ ಅವರಿಗೆ ಪತ್ರ ಬರೆದುಕೊಡಬೇಡಿ, ಫಲಿತಾಂಶ ಕೇಳಬೇಡಿ. ಊಟವಾಯಿತೇ ಎಂದು ಕೇಳಿ. ನಾವು ಬರೆದ ಆ ಏಳು ಪತ್ರಗಳು ಇನ್ನೂ ನಮ್ಮ ಮೇಜಿನ ಸೆಳೆಖಾನೆಯಲ್ಲಿವೆ. ಇನ್ನೊಬ್ಬರಿಗೆ ಬುದ್ಧಿ ಹೇಳಲು ಲೇಖನಿ ಎತ್ತಿದಾಗ ಒಮ್ಮೊಮ್ಮೆ ಅವನ್ನು ತೆಗೆದು ನೋಡುತ್ತೇವೆ.